ಐದು ವರ್ಷದಲ್ಲಿ ಒಬ್ಬರ ಮೇಲೂ ಪ್ರಭಾವ ಆಗಲಿಲ್ಲ ಎಂದು ಬರೆದ ತಂಗಿಗೆ

ಪ್ರಶ್ನೆ:

ಅಯ್ಯನವರೇ, ವಂದನೆ. ನನಗೆ 31 ವರ್ಷ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಸೊಸೈಟಿಯಲ್ಲಿ ಐದು ವರ್ಷದಿಂದ ಕ್ಲರ್ಕ್ ಆಗಿದ್ದೇನೆ. ಆಫೀಸಿನಲ್ಲಿ ಕ್ರೈಸ್ತಳು ನಾನೊಬ್ಬಳೇ. ಭಾನುವಾರ ಸಭೆಯಲ್ಲಿ ‘ನೀವು ಲೋಕಕ್ಕೆ ಬೆಳಕು, ಸಾಕ್ಷಿಯಾಗಿ ಬಾಳಿ’ ಎಂದು ಕೇಳಿ ಬರುತ್ತೇನೆ. ಸೋಮವಾರ ಆಫೀಸಿಗೆ ಹೋದರೆ ಏನು ಮಾಡಬೇಕೋ ತೋಚುವುದಿಲ್ಲ. ಬಾಯಿಬಿಟ್ಟರೆ ಮತಾಂತರ ಮಾಡಲು ಬಂದಳು ಅಂದುಬಿಟ್ಟಾರು ಎಂಬ ಭಯ. ಸುಮ್ಮನಿದ್ದರೆ ಯೇಸುವಿಗೆ ದ್ರೋಹ ಮಾಡಿದ ಹಾಗೆ ಅನ್ನಿಸುತ್ತದೆ. ವಾಟ್ಸಾಪ್ ಸ್ಟೇಟಸ್‌ಗೆ ದಿನಾ ಒಂದು ವಚನ ಹಾಕುತ್ತೇನೆ, ಅಷ್ಟೇ. ಆಯುಧ ಪೂಜೆ, ಪ್ರಸಾದ ಅಂತ ಬಂದಾಗ ಇನ್ನೂ ಕಷ್ಟ. ಐದು ವರ್ಷದಲ್ಲಿ ನನ್ನಿಂದ ಒಬ್ಬರ ಮೇಲೂ ಒಳ್ಳೆಯ ಪ್ರಭಾವ ಆಗಿಲ್ಲ. ಹೋದ ತಿಂಗಳು ಒಬ್ಬ ರೈತರ ಪಹಣಿ ಕಾಣದೆ ಅಟೆಂಡರ್ ಅಣ್ಣನಿಗೆ ಎಲ್ಲರೆದುರು ಬೈದೆ. ಅದು ನನ್ನ ಡ್ರಾಯರ್‌ನಲ್ಲೇ ಇತ್ತು. ಹೇಳಲಿಲ್ಲ. ಇನ್ನು ನಾನು ಹೇಗೆ ಸಾಕ್ಷಿಯಾಗಲಿ?

ಉತ್ತರ:

ತಂಗಿ, ವಂದನೆ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಐದು ವರ್ಷದ ಬೇಸರವನ್ನು ಬಿಡಿಸಿ ಬರೆದಿದ್ದೀರಿ. ಪಹಣಿ ವಿಷಯ ಮಾತ್ರ ಕೊನೆಯಲ್ಲಿ, ಪುಟ್ಟ ಪುಟ್ಟ ವಾಕ್ಯಗಳಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ, ಮರೆತಿಲ್ಲ.

ಮೊದಲು ಈ ‘ಪ್ರಭಾವ’ ಅನ್ನುವ ಮಾತನ್ನು ನೋಡೋಣ. ಸಾಗರ, ಹೊಸನಗರ, ಭದ್ರಾವತಿ ಕಡೆ ಮೂವತ್ತು ವರ್ಷಕ್ಕೂ ಜಾಸ್ತಿ ಸಭಾಪಾಲಕನಾಗಿ ಇದ್ದವನು ನಾನು. ಈ ಮಾತನ್ನು ಎಷ್ಟು ಪ್ರಸಂಗಗಳಲ್ಲಿ ಬಳಸಿದ್ದೇನೋ ಲೆಕ್ಕವಿಲ್ಲ. ಈಗ ಬಳಸಲು ಹಿಂಜರಿಯುತ್ತೇನೆ. ಅದಕ್ಕೆ ಒಂದು ಕಾರಣ ಇದೆ.

2019ರ ಆಗಸ್ಟ್ ಮಳೆ ನೆನಪಿರಬಹುದು. ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆಲ್ಲ ನೀರು ನುಗ್ಗಿತ್ತು. ನಾವು ಸಭೆಯವರು ಅಕ್ಕಿ, ಬೇಳೆ, ಚಾದರ ಕಟ್ಟಿಕೊಂಡು ಹೋದೆವು. ಜೊತೆಗೆ ಒಂದು ಫ್ಲೆಕ್ಸ್ ಕೂಡ. ಶಾಲೆಯೊಂದರಲ್ಲಿ ಕಾಳಜಿ ಕೇಂದ್ರ ಮಾಡಿದ್ದರು. ಅದರ ವರಾಂಡದಲ್ಲಿ ಜನರನ್ನು ಸಾಲಾಗಿ ನಿಲ್ಲಿಸಿ, ಹಿಂದೆ ಫ್ಲೆಕ್ಸ್ ಕಾಣುವ ಹಾಗೆ, ಒಬ್ಬೊಬ್ಬರಿಗೂ ಚಾದರ ಕೊಡುತ್ತಾ ಫೋಟೊ ತೆಗೆಸಿಕೊಳ್ಳುತ್ತಿದ್ದೆವು. ಒಬ್ಬರು ಅಜ್ಜಿ ಬಂದರು. ಸೀರೆಯ ಅಂಚಿನಲ್ಲಿ ಕೆಸರು ಒಣಗಿ ಗಟ್ಟಿಯಾಗಿತ್ತು. ಒಂದು ಕೈ ಚಾದರಕ್ಕೆ ಚಾಚಿದರು, ಇನ್ನೊಂದು ಕೈಯಿಂದ ಸೆರಗು ಎಳೆದು ಮುಖ ಮುಚ್ಚಿಕೊಂಡರು. ಫೋಟೊ ತೆಗೆಯುತ್ತಿದ್ದ ನಮ್ಮ ಹುಡುಗ ‘ಅಜ್ಜಿ, ಸ್ವಲ್ಪ ಮುಖ ಈ ಕಡೆ’ ಅಂದ. ಅಜ್ಜಿ ಒಂದು ಗಳಿಗೆ ನಿಂತರು. ಚಾದರವನ್ನು ವಾಪಸ್ ಬೆಂಚಿನ ಮೇಲಿಟ್ಟರು. ಒಳಗೆ ಹೋಗಿಬಿಟ್ಟರು.

ನಾನು ಪಕ್ಕದಲ್ಲೇ ನಿಂತಿದ್ದೆ. ಆ ಹುಡುಗನಿಗೆ ಏನೂ ಹೇಳಲಿಲ್ಲ. ಮುಂದಿನವರನ್ನು ಕರೆದೆ.

ನಮ್ಮ ಮನಸ್ಸಿನಲ್ಲಿ ಇದ್ದದ್ದು ಕೆಟ್ಟ ಉದ್ದೇಶವೇನಲ್ಲ. ಕ್ರೈಸ್ತರು ಕಷ್ಟಕ್ಕೆ ಆಗುತ್ತಾರೆ ಅಂತ ಊರಿಗೆ ಗೊತ್ತಾಗಲಿ, ನಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯ ಬರಲಿ ಅಂತ. ಅಂದರೆ ಪ್ರಭಾವ ಆಗಲಿ ಅಂತಲೇ. ತಪ್ಪಾದದ್ದೂ ಅಲ್ಲೇ. ಅಜ್ಜಿ ನಮ್ಮ ಕಣ್ಣಿಗೆ ಅಜ್ಜಿಯಾಗಿ ಕಾಣಲಿಲ್ಲ, ನಮ್ಮ ಒಳ್ಳೆಯತನಕ್ಕೆ ಬೇಕಾದ ಒಂದು ಮುಖವಾಗಿ ಕಂಡರು. ಮನುಷ್ಯರಿಗೆ ಇದು ತಕ್ಷಣ ಗೊತ್ತಾಗುತ್ತದೆ ತಂಗಿ. ನೀವು ಎಷ್ಟೇ ನಯವಾಗಿ ಮಾತಾಡಿ, ನಿಮಗೆ ಬೇಕಿರುವುದು ತಾನಾ ಅಥವಾ ತನ್ನ ಬದಲಾವಣೆಯಾ ಅನ್ನುವುದು ಎದುರಿನವರಿಗೆ ಮೂಗಿಗೆ ಹೊಗೆ ಬಡಿದ ಹಾಗೆ ಬಡಿಯುತ್ತದೆ.

ಹಾಗಾಗಿ ನಿಮ್ಮ ಐದು ವರ್ಷದ ಲೆಕ್ಕವನ್ನು ದಯವಿಟ್ಟು ಬಿಟ್ಟುಬಿಡಿ. ಎಷ್ಟು ಜನ ಬದಲಾದರು ಅಂತ ಎಣಿಸುವ ಕೆಲಸ ನಿಮಗೆ ಯಾರೂ ಕೊಟ್ಟಿಲ್ಲ.

ನೀವು ಬರೆದ ಆ ಬೆಳಕಿನ ಮಾತು ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದ್ದು. ಅದಕ್ಕೂ ಒಂದು ವಚನ ಮುಂಚೆ, 13ರಲ್ಲಿ, ಉಪ್ಪಿನ ಮಾತು ಇದೆ: ‘ನೀವು ಭೂಮಿಗೆ ಉಪ್ಪಾಗಿದ್ದೀರಿ.’ ನಮ್ಮವರಿಗೆ ಬೆಳಕು ಇಷ್ಟ, ಯಾಕೆಂದರೆ ಅದು ಕಾಣುತ್ತದೆ. ಉಪ್ಪನ್ನು ಬೇಗ ದಾಟಿಬಿಡುತ್ತೇವೆ. ಮಲೆನಾಡಿನಲ್ಲಿ ಬೆಳೆದವರಿಗೆ ಉಪ್ಪಿನ ಕೆಲಸ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವುದನ್ನು ನೋಡಿದ್ದರೆ ಸಾಕು. ನನ್ನ ಹೆಂಡತಿ ಪ್ರತಿ ವರ್ಷ ಹಾಕುತ್ತಾಳೆ. ಮಿಡಿಯನ್ನು ತೊಟ್ಟು ಮುರಿಯದ ಹಾಗೆ, ನೆಲಕ್ಕೆ ಬೀಳಿಸದೆ ಇಳಿಸಿ ತಂದಿರಬೇಕು. ತೊಳೆದು, ಬಟ್ಟೆಯಲ್ಲಿ ಒಂದೊಂದನ್ನೂ ಒರೆಸಿ, ಭರಣಿಗೆ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ಮೊದಲ ದಿನ ನೋಡಿದರೆ ಉಪ್ಪು ಬೆಳ್ಳಗೆ ಎದ್ದು ಕಾಣುತ್ತದೆ. ದಿನಾ ಒಂದು ಸಲ ಕುಲುಕಬೇಕು. ನಾಲ್ಕೈದು ದಿನ ಕಳೆದ ಮೇಲೆ ಉಪ್ಪು ಕಾಣುವುದೇ ಇಲ್ಲ, ಮಿಡಿಯೇ ಬಿಟ್ಟ ನೀರಿನಲ್ಲಿ ಕರಗಿ ಹೋಗಿರುತ್ತದೆ. ಮಿಡಿ ಸುಕ್ಕಾಗಿ ಚಿಕ್ಕದಾಗುತ್ತದೆ. ಆಮೇಲೆ ಸಾಸಿವೆ, ಮೆಣಸು ಅರೆದು ಹಾಕುವುದೂ ಆ ಉಪ್ಪುನೀರಿನಲ್ಲೇ. ಎರಡು ವರ್ಷ ಬಿಟ್ಟು ಭರಣಿ ತೆಗೆದರೂ ಮಿಡಿ ಕಟುಕುಟು ಅನ್ನುತ್ತದೆ. ಊಟಕ್ಕೆ ಕೂತವರು ಮಿಡಿ ಚೆನ್ನಾಗಿದೆ ಅನ್ನುತ್ತಾರೆ, ಅಪ್ಪೆಯ ಪರಿಮಳ ಅನ್ನುತ್ತಾರೆ. ಉಪ್ಪು ಚೆನ್ನಾಗಿದೆ ಅಂತ ಯಾರೂ ಹೇಳುವುದಿಲ್ಲ. ಹಾಗೆ ಹೇಳಿದರೆ ಉಪ್ಪು ಜಾಸ್ತಿಯಾಗಿದೆ ಅಂತಲೇ ಅರ್ಥ.

ಯೇಸು ಈ ಮಾತು ಹೇಳಿದ್ದು ಗಲಿಲಾಯದ ಕೆರೆಯ ಸೀಮೆಯಲ್ಲಿ, ಮೀನು ಹಿಡಿದು ಉಪ್ಪು ಹಾಕಿ ಕೆಡದ ಹಾಗೆ ಇಡುತ್ತಿದ್ದ ಜನರ ನಡುವೆ. ಸಪ್ಪಗಾದ ಉಪ್ಪಿನ ಬಗ್ಗೆಯೂ ಲೂಕನ 14ನೇ ಅಧ್ಯಾಯದಲ್ಲಿ ಇದೆ, ಅದು ಭೂಮಿಗೂ ಬಾರದು, ತಿಪ್ಪೆಗೂ ಬಾರದು. ಆ ಕಾಲದ ಉಪ್ಪಿನಲ್ಲಿ ಬೇರೆ ಮಣ್ಣು ಬೆರೆತಿರುತ್ತಿತ್ತು, ತೇವಕ್ಕೆ ಉಪ್ಪು ಕರಗಿ ಹೋದರೆ ಉಳಿಯುವುದು ಬರೀ ಬಿಳಿ ಪುಡಿ. ನೋಡಲು ಉಪ್ಪೇ. ನಮ್ಮ ಮಳೆಗಾಲದಲ್ಲಿ ಮರಿಗೆಯ ಉಪ್ಪು ನೀರೊಡೆಯುವುದನ್ನು ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ನಿಮಗೆ ಇರಬೇಕಾದ ಭಯ ಇದು. ‘ನನ್ನನ್ನು ಯಾರೂ ಗಮನಿಸಲಿಲ್ಲವಲ್ಲ’ ಅನ್ನುವ ಭಯ ಅಲ್ಲ.

ನಿಮ್ಮ ಕೈಯಲ್ಲಿ ಎಂಥ ಕೆಲಸ ಇದೆ ಅಂತ ನಿಮಗೆ ಗೊತ್ತಿದೆಯಾ? ಸೊಸೈಟಿಯ ಕ್ಲರ್ಕ್ ಅಂದರೆ ನಮ್ಮ ಹಳ್ಳಿಗಳಲ್ಲಿ ಸಣ್ಣ ಮನುಷ್ಯ ಅಲ್ಲ. ಶೂನ್ಯ ಬಡ್ಡಿಯ ಬೆಳೆ ಸಾಲ ತಗೊಂಡ ರೈತರು ವಾಯಿದೆಯೊಳಗೆ ಕಟ್ಟಿದರೆ ಬಡ್ಡಿ ಇಲ್ಲ, ದಾಟಿದರೆ ಬಡ್ಡಿ ಬೀಳುತ್ತದೆ. ಕೊಳೆ ರೋಗ, ಎಲೆಚುಕ್ಕೆ ರೋಗ ಅಂತ ತೋಟದ ಚಿಂತೆಯಲ್ಲಿ ಇರುವ ವಯಸ್ಸಾದವರಿಗೆ ತಾರೀಖು ಎಲ್ಲಿ ನೆನಪಿರುತ್ತದೆ? ವಾಯಿದೆಗೆ ಹದಿನೈದು ದಿನ ಇರುವಾಗ, ಯಾರು ಮರೆಯುವವರು ಅಂತ ನಿಮಗೇ ಗೊತ್ತಿರುತ್ತದಲ್ಲ, ಅವರಿಗೆ ಒಂದೊಂದು ಫೋನ್ ಮಾಡಿ. ನಿಮ್ಮ ಕೆಲಸದ ಪಟ್ಟಿಯಲ್ಲಿ ಅದು ಇಲ್ಲದಿರಬಹುದು. ಮಾಡಿ. ಓದಲು ಬಾರದವರಿಗೆ ಅರ್ಜಿಯಲ್ಲಿ ಏನಿದೆ ಅಂತ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳಿ. ದೊಡ್ಡ ಹಿಡುವಳಿಯವರು ಬಂದಾಗ ಕುರ್ಚಿ ತೋರಿಸುವಿರಿ, ಅರ್ಧ ಎಕರೆಯವರು ಬಂದಾಗಲೂ ತೋರಿಸಿ. ಯಾಕೋಬನ ಪತ್ರಿಕೆಯ 2ನೇ ಅಧ್ಯಾಯ ಶುರುವಾಗುವುದೇ ಈ ಕುರ್ಚಿ ವಿಷಯದಿಂದ. ಚಿನ್ನದ ಉಂಗುರದವನಿಗೆ ಒಳ್ಳೆಯ ಜಾಗ, ಬಡವನಿಗೆ ‘ಅಲ್ಲಿ ನಿಂತ್ಕೋ’ ಅನ್ನುವುದು ವಿಶ್ವಾಸಕ್ಕೆ ಒಪ್ಪುವ ಮಾತಲ್ಲ ಎನ್ನುತ್ತಾನೆ. ದಾನಿಯೇಲನನ್ನು ನೋಡಿ. ಪರದೇಶದ ಅರಸನ ಆಫೀಸಿನಲ್ಲಿ, ಬೇರೆ ನಂಬಿಕೆಯವರ ನಡುವೆ ಕೆಲಸಕ್ಕಿದ್ದ ಯೆಹೂದ್ಯ, ನಿಮ್ಮ ಹಾಗೆ. ಆಗದವರು ಅವನ ತಪ್ಪು ಹುಡುಕಲು ಹೊರಟರು. ಕೆಲಸದಲ್ಲಿ ಒಂದೂ ಸಿಗಲಿಲ್ಲ. 6ನೇ ಅಧ್ಯಾಯದಲ್ಲಿ ಇದೆ. ಸಿಂಹದ ಗವಿಯ ಕತೆ ಎಲ್ಲ ಮಕ್ಕಳಿಗೂ ಗೊತ್ತು, ಅದಕ್ಕೆ ಮುಂಚಿನ ಈ ಲೆಕ್ಕಪತ್ರದ ಕತೆಯನ್ನು ನಾವು ಸಂಡೇ ಸ್ಕೂಲಿನಲ್ಲಿ ಹೇಳುವುದೇ ಇಲ್ಲ.

ಹೊಸನಗರದ ಕಡೆ ಇದ್ದಾಗ ನಮ್ಮ ಸಭೆಯಲ್ಲಿ ಒಬ್ಬ ಹೆಂಗಸು ಇದ್ದರು. ಅಡಿಕೆ ಸುಲಿಯಲು ಹೋಗುತ್ತಿದ್ದರು. ಸುಗ್ಗಿಯಲ್ಲಿ ರಾತ್ರಿ ಹೊತ್ತು, ಅಂಗಳದ ಚಪ್ಪರದಲ್ಲಿ ಒಂದು ಬಲ್ಬು, ಸುತ್ತ ಹತ್ತು ಹನ್ನೆರಡು ಜನ, ಎಲ್ಲರ ಮುಂದೆ ಮೆಟ್ಟುಗತ್ತಿ. ಸುಲಿದದ್ದಕ್ಕೆ ಡಬ್ಬದ ಲೆಕ್ಕದಲ್ಲಿ ಕೂಲಿ. ಡಬ್ಬ ಅಳೆಯುವಾಗ ಸ್ವಲ್ಪ ಸಡಿಲ ತುಂಬಿದರೆ ಒಂದು ಡಬ್ಬ ಜಾಸ್ತಿ ಬರುತ್ತದೆ. ಹಾಗೆ ಮಾಡುವವರು ಇದ್ದರು, ಅವರನ್ನು ನಾನು ದೂರುವುದಿಲ್ಲ, ಆ ಕೂಲಿಗೆ ಯಾರ ಹೊಟ್ಟೆ ತುಂಬುತ್ತಿತ್ತು ಹೇಳಿ. ಈಕೆ ಮಾತ್ರ ಡಬ್ಬವನ್ನು ಎರಡು ಸಲ ನೆಲಕ್ಕೆ ಕುಟ್ಟಿ, ಮೇಲೆ ಇನ್ನೊಂದು ಬೊಗಸೆ ಹಾಕಿ, ಆಮೇಲೆ ಲೆಕ್ಕ ಹೇಳುತ್ತಿದ್ದರು. ಒಂದು ದಿನ ಬರೆದುಕೊಳ್ಳುವ ಹುಡುಗ ತಪ್ಪಿ ಏಳು ಡಬ್ಬ ಅಂತ ಬರೆದ. ‘ಆರು ಕಣೋ’ ಅಂದರು, ಅಷ್ಟೇ, ಮತ್ತೆ ಸುಲಿಯಲು ಕೂತರು. ಅವರಿಗೆ ಓದು ಬರುತ್ತಿರಲಿಲ್ಲ. ಪ್ರಸಂಗ ಮಾಡಿದವರಲ್ಲ. ಆ ಮನೆಯ ಯಜಮಾನರು ಹಲವು ವರ್ಷದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ ‘ಅಯ್ನೋರೇ, ನಿಮ್ಮ ಆಯಮ್ಮ ಹೇಗಿದ್ದಾರೆ? ಅವರು ಬಂದ ದಿನ ನಾನು ಡಬ್ಬ ನೋಡೋಕೇ ಹೋಗ್ತಿರಲಿಲ್ಲ’ ಅಂದರು. ಆಯಮ್ಮ ಆಗ ತೀರಿಕೊಂಡು ಎರಡು ವರ್ಷವಾಗಿತ್ತು. ತನ್ನಿಂದ ಯಾರ ಮೇಲೆ ಏನಾಯಿತು ಅಂತ ಅವರಿಗೆ ತಿಳಿಯಲೇ ಇಲ್ಲ.

ಇನ್ನೊಂದು ವಿಷಯ. ಇದನ್ನು ನಮ್ಮ ಸಭೆಗಳಲ್ಲಿ ಹೇಳುವವರು ಕಡಿಮೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ನಾವು ಯಾವಾಗಲೂ ಕೊಡುವವರಾಗಿಯೇ ಇರಬೇಕು ಅಂದುಕೊಳ್ಳುತ್ತೇವೆ. ನಾವು ಬೆಳಕು, ಅವರು ಕತ್ತಲೆ. ನಮ್ಮ ಹತ್ತಿರ ಇದೆ, ಅವರ ಹತ್ತಿರ ಇಲ್ಲ. ಯೇಸು ಹಾಗೆ ಇರಲಿಲ್ಲ. ಯೋಹಾನನ 4ನೇ ಅಧ್ಯಾಯದಲ್ಲಿ ಆತ ದಣಿದು ಬಾವಿಯ ಹತ್ತಿರ ಕೂತಿದ್ದಾನೆ. ಯೆಹೂದ್ಯರು ಹೊಕ್ಕುಬಳಕೆ ಮಾಡದಿದ್ದ ಸಮಾರ್ಯದ ಜನರಲ್ಲಿ ಒಬ್ಬಳು ನೀರಿಗೆ ಬರುತ್ತಾಳೆ. ಆತ ಮೊದಲು ಆಡಿದ ಮಾತು ಉಪದೇಶವಲ್ಲ. ಕುಡಿಯಲು ನೀರು ಕೊಡು ಅಂತ ಕೇಳಿದ. ಅವಳ ಕೊಡದ ನೀರು ಬೇಕು ಅಂದ.

ಇದು ನನಗೆ ಅರ್ಥವಾದದ್ದು ಒಂದು ಮಳೆಗಾಲದಲ್ಲಿ. ನನ್ನ ಹೆಂಡತಿಗೆ ಹುಷಾರಿಲ್ಲದೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸೇರಿಸಿದ್ದೆ. ಊರಿನಲ್ಲಿ ಇಬ್ಬರು ಮಕ್ಕಳು, ಒಂದು ಹಸು. ಪಕ್ಕದ ಮನೆಯ ಗೌಡರ ಹೆಂಡತಿ ನಾನು ಕೇಳುವ ಮುಂಚೆಯೇ ಮಕ್ಕಳನ್ನು ಕರೆದುಕೊಂಡು ಹೋದರು. ಹನ್ನೊಂದು ದಿನ. ನಾನು ಬಟ್ಟೆ ತಗೊಂಡು ಹೋಗಲು ಒಂದು ಸಂಜೆ ಊರಿಗೆ ಬಂದರೆ, ನನ್ನನ್ನೂ ಅಡುಗೆ ಮನೆಗೆ ಕರೆದು ಕೂರಿಸಿ ಬಿಸಿ ಕಡುಬು, ಕಳಲೆ ಪಲ್ಯ ಬಡಿಸಿದರು. ನನ್ನ ಚಿಕ್ಕ ಮಗ ಅವರ ಮಗನ ಅಂಗಿ ಹಾಕಿಕೊಂಡು ಒಲೆಯ ಮುಂದೆ ಕೂತಿದ್ದ. ಅಲ್ಲಿಯವರೆಗೆ ನಾನು ಆ ಮನೆಗೆ ಕ್ರಿಸ್ಮಸ್ ಕೇಕ್ ಕೊಡಲು ಬಿಟ್ಟರೆ ಹೋದವನಲ್ಲ. ಕೊಡುವುದಕ್ಕೆ ಮಾತ್ರ ಹೋಗುತ್ತಿದ್ದೆ ನೋಡಿ. ಆಮೇಲೆ ಗೌಡರೇ ಹೇಳಿದರು, ‘ನೀವು ನಮ್ಮನೆ ಊಟ ಮಾಡಿದ್ಮೇಲೆ ನಮಗೂ ನಿಮ್ಮನೆ ಮೆಟ್ಟಿಲು ಹತ್ತೋಕೆ ಸಲೀಸಾಯ್ತು.’ ಹತ್ತು ವರ್ಷದ ಕೇಕ್ ಮಾಡದ ಕೆಲಸವನ್ನು ಒಂದು ಕಡುಬು ಮಾಡಿತ್ತು. ನಿಮ್ಮ ಆಫೀಸಿನವರಿಂದ ನೀವು ಏನನ್ನಾದರೂ ಕೇಳಿ ಪಡೆದಿದ್ದೀರಾ? ಒಂದು ಸಹಾಯ, ಒಂದು ಸಲಹೆ? ಯೋಚನೆ ಮಾಡಿ. ಅವರಲ್ಲಿ ನಿಮಗಿಂತ ಒಳ್ಳೆಯವರು ಇದ್ದಾರೆ, ಅದನ್ನು ಒಪ್ಪಿಕೊಂಡರೆ ನಿಮ್ಮ ವಿಶ್ವಾಸಕ್ಕೆ ಕೊರತೆ ಏನೂ ಆಗುವುದಿಲ್ಲ.

ಈಗ ಮಾತಾಡಬೇಕಾ ಬೇಡವಾ ಅನ್ನುವ ಪ್ರಶ್ನೆ. ಮಾತಾಡಿ. ಸುಮ್ಮನಿರಿ ಅಂತ ನಾನು ಹೇಳುತ್ತಿಲ್ಲ. ಆದರೆ ಪೇತ್ರನ ಮೊದಲ ಪತ್ರಿಕೆಯ 3ನೇ ಅಧ್ಯಾಯದ 15ನೇ ವಚನವನ್ನು ನಿಧಾನವಾಗಿ ಓದಿ. ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣ ಏನು ಅಂತ ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಿ, ಆದರೆ ಸಾತ್ವಿಕತೆಯಿಂದ, ಗೌರವದಿಂದ ಹೇಳಿ ಅನ್ನುತ್ತದೆ ಅದು. ಕೇಳುವವರಿಗೆ. ಮೊದಲು ಅವರಿಗೆ ಕೇಳಬೇಕು ಅನ್ನಿಸಬೇಕು. ಕೇಳಿದಾಗ ಮುಚ್ಚಿಡಬೇಡಿ. ‘ಭಾನುವಾರ ಚರ್ಚ್‌ನಲ್ಲಿ ಏನು ಮಾಡ್ತೀರಿ?’ ಅಂತ ಕೇಳಿದರೆ ಮನೆಯ ಸುದ್ದಿ ಹೇಳಿದಷ್ಟು ಸಹಜವಾಗಿ ಹೇಳಿ. ಎರಡು ಮಾತಿಗೆ ಮುಗಿಯುವುದನ್ನು ಇಪ್ಪತ್ತು ಮಾಡಬೇಡಿ. ಅವರ ದೇವರ ಬಗ್ಗೆ ಒಂದು ಹಗುರ ಮಾತೂ ಬೇಡ, ಮನೆಯೊಳಗೂ ಬೇಡ. ಕಾನೂನಿನ ಭಯದ ಬಗ್ಗೆ ಹೇಳುವುದಾದರೆ, ಸಂವಿಧಾನದ 25ನೇ ವಿಧಿ ಎಲ್ಲರಿಗೂ ತಮ್ಮ ಧರ್ಮವನ್ನು ಪಾಲಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಧಕ್ಕೆ ಬಾರದ ಹಾಗೆ. ಆದರೆ ಪ್ರಚಾರದ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಅಂತ 1977ರಲ್ಲಿ ಸುಪ್ರೀಂ ಕೋರ್ಟ್ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. ಕೇಳಿದ ಗೆಳತಿಗೆ ನಿಮ್ಮ ಮನಸ್ಸಿನ ಮಾತು ಹೇಳುವುದಕ್ಕೂ, ಸಾಲ ಕೇಳಲು ಕೌಂಟರಿಗೆ ಬಂದ ರೈತನಿಗೆ ಉಪದೇಶ ಮಾಡುವುದಕ್ಕೂ ಅಜಗಜಾಂತರ ಇದೆ. ಎರಡನೆಯದನ್ನು ಎಂದೂ ಮಾಡಬೇಡಿ. ಆತ ಎದ್ದು ಹೋಗಲಾರ, ಅವನ ಕೆಲಸ ನಿಮ್ಮ ಕೈಯಲ್ಲಿದೆ.

ವಾಟ್ಸಾಪ್ ಸ್ಟೇಟಸ್ ಇರಲಿ, ತಪ್ಪೇನಿಲ್ಲ. ಆದರೆ ಪಹಣಿ ಸಿಕ್ಕಿದ ದಿನವೂ ನೀವು ವಚನ ಹಾಕಿದ್ದಿರಾ? ಆ ದಿನ ನಿಮ್ಮ ಅಟೆಂಡರ್ ಅಣ್ಣ ಅದನ್ನು ನೋಡಿರುತ್ತಾರೆ. ಸ್ವಲ್ಪ ದಿನ ಬಿಟ್ಟರೂ ನಷ್ಟವಿಲ್ಲ.

ಪ್ರಾರ್ಥನೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಜೊತೆಯಲ್ಲಿ ಕೆಲಸ ಮಾಡುವವರ ತಾಯಿಗೆ ಹುಷಾರಿಲ್ಲ ಅಂದರೆ ನಾವು ಥಟ್ಟನೆ ‘ಪ್ರಾರ್ಥನೆ ಮಾಡ್ತೀನಿ’ ಅನ್ನುತ್ತೇವೆ. ಮಾಡಿ, ನಿಜವಾಗಲೂ ಮಾಡಿ. ಆದರೆ ಆಸ್ಪತ್ರೆಯಲ್ಲಿ ಮೂರು ರಾತ್ರಿ ನಿದ್ದೆಗೆಟ್ಟವರಿಗೆ ಮೊದಲು ಬೇಕಾದದ್ದು ‘ಇವತ್ತು ರಾತ್ರಿ ನಾನು ಕೂರುತ್ತೇನೆ, ನೀವು ಮನೆಗೆ ಹೋಗಿ ಮಲಗಿ’ ಅನ್ನುವ ಮಾತು. ಬಟ್ಟೆಯಿಲ್ಲದವರಿಗೆ, ಹಸಿದವರಿಗೆ ‘ಸಮಾಧಾನದಿಂದ ಹೋಗಿ, ಬೆಚ್ಚಗಿರಿ’ ಅಂದರೆ ಏನು ಪ್ರಯೋಜನ ಅಂತ ಯಾಕೋಬನೇ ಕೇಳುತ್ತಾನೆ. ಸಾಗರ ತಾಲ್ಲೂಕಿನ ಅರಳಗೋಡು ಕಡೆ 2018ರ ಕೊನೆಯಿಂದ 2019ರವರೆಗೆ ಮಂಗನ ಕಾಯಿಲೆ ಜೋರಾಗಿದ್ದಾಗ, ರೋಗಿ ಇದ್ದ ಮನೆಗೆ ಹೋಗಲು ಹೆದರುವವರನ್ನು ನೋಡಿದೆ. ಈ ರೋಗ 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದದ್ದು, ಉಣುಗು ಕಚ್ಚಿ ಬರುವಂಥದ್ದು, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಇಷ್ಟು ತಿಳಿದುಕೊಂಡು ಒಂದು ಪಾತ್ರೆ ಗಂಜಿ ತಗೊಂಡು ಆ ಮನೆಯ ಬಾಗಿಲಿಗೆ ಹೋಗುವುದಿದೆಯಲ್ಲ, ಅದಕ್ಕೆ ಪ್ರೀತಿಯ ಜೊತೆ ತಿಳಿವಳಿಕೆಯೂ ಬೇಕು. ಸುತ್ತಲಿನವರ ಕಷ್ಟಗಳನ್ನು ಸರಿಯಾಗಿ ತಿಳಿದುಕೊಳ್ಳುವುದು ವಿಶ್ವಾಸದ ಕೆಲಸವೇ.

ಆಯುಧ ಪೂಜೆ, ಪ್ರಸಾದ. ಕ್ರೈಸ್ತರಲ್ಲೇ ಇದರ ಬಗ್ಗೆ ಒಂದೇ ಅಭಿಪ್ರಾಯ ಇಲ್ಲ, ಪೌಲನ ಕಾಲದಲ್ಲೂ ಇರಲಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 8 ಮತ್ತು 10ನೇ ಅಧ್ಯಾಯ ಓದಿ. ಎದುರಿಗೆ ಬಡಿಸಿದ್ದನ್ನು ವಿಚಾರಿಸದೆ ತಿನ್ನಿ, ಇದು ನೈವೇದ್ಯ ಮಾಡಿದ್ದು ಅಂತ ಯಾರಾದರೂ ಹೇಳಿದರೆ ಹೇಳಿದವರ ಮನಸ್ಸಾಕ್ಷಿಗಾಗಿ ಬಿಡಿ ಅನ್ನುತ್ತಾನೆ. ನನ್ನ ಮಾತು ಕೇಳುವುದಾದರೆ, ತಗೊಂಡು ಆಮೇಲೆ ಕಸದ ಬುಟ್ಟಿಗೆ ಹಾಕುವುದನ್ನು ಮಾತ್ರ ಮಾಡಬೇಡಿ. ಅದು ಎರಡೂ ಕಡೆಗೆ ಮೋಸ. ನಿಮ್ಮ ಮನಸ್ಸು ಒಪ್ಪದಿದ್ದರೆ, ತಟ್ಟೆ ಮುಂದೆ ಬಂದಾಗ ಮುಖ ಕಿವುಚದೆ, ಹಬ್ಬಕ್ಕೆ ಎರಡು ದಿನ ಮುಂಚೆ ಹತ್ತಿರದವರಿಗೆ ತಿಳಿಸಿಬಿಡಿ. ‘ನಮ್ಮಲ್ಲಿ ಹೀಗೆ, ಬೇಜಾರು ಮಾಡ್ಕೋಬೇಡಿ ಅಕ್ಕ’ ಅಂದರೆ ಮಲೆನಾಡಿನ ಜನ ಅರ್ಥ ಮಾಡಿಕೊಳ್ಳುತ್ತಾರೆ. ಅವರಲ್ಲೂ ಒಪ್ಪತ್ತು, ಮಡಿ, ವ್ರತ ಅಂತ ಎಷ್ಟು ನೇಮಗಳಿವೆ. ಆಯುಧ ಪೂಜೆಯ ಹಿಂದಿನ ದಿನ ಆಫೀಸು ತೊಳೆಯುವಾಗ ನೀವೂ ಸೀರೆ ಎತ್ತಿ ಕಟ್ಟಿ ಪೊರಕೆ ಹಿಡಿಯಿರಿ. ಪೂಜೆ ನಡೆಯುವಾಗ ರಜೆ ಹಾಕಿ ಓಡಿಹೋಗಬೇಡಿ, ಗೌರವದಿಂದ ಒಂದು ಕಡೆ ನಿಂತಿರಿ.

ಕಿಟೆಲ್ ಅವರ ಹೆಸರು ಕೇಳಿದ್ದೀರಲ್ಲ. ಬಾಸೆಲ್ ಮಿಷನ್ನಿನಿಂದ ಸುವಾರ್ತೆ ಸಾರಲು ಬಂದವರು. ಕನ್ನಡ ಕಲಿಯಲು ಕೂತವರು ಕನ್ನಡದ ಮೋಹಕ್ಕೇ ಬಿದ್ದರು. ಕೇಶಿರಾಜನ ವ್ಯಾಕರಣ ಸಂಪಾದಿಸಿದರು, ವಚನ, ಗಾದೆ, ಹಳ್ಳಿಮಾತು ಎಲ್ಲ ಕೂಡಿಟ್ಟರು, 1894ರಲ್ಲಿ ಮಂಗಳೂರಿನಲ್ಲಿ ಅವರ ಕನ್ನಡ ಇಂಗ್ಲಿಷ್ ನಿಘಂಟು ಅಚ್ಚಾಯಿತು, ಸುಮಾರು 70,000 ಪದ. ಇವತ್ತಿಗೂ ಅದನ್ನು ತೆಗೆಯುವವರು ಬರೆದವರ ಧರ್ಮ ಯಾವುದು ಅಂತ ನೋಡುವುದಿಲ್ಲ, ಪದ ಸಿಗುತ್ತಾ ಅಂತ ನೋಡುತ್ತಾರೆ. ಎಲ್ಲರೂ ನಿಘಂಟು ಬರೆಯಬೇಕಾಗಿಲ್ಲ. ಆದರೆ ಪಕ್ಕದವರ ಮಾತನ್ನು, ಅವರ ಹಾಡು ಗಾದೆಗಳನ್ನು ಇಷ್ಟು ಆಸೆಯಿಂದ ಕೇಳಿಸಿಕೊಳ್ಳುವುದು ನಮ್ಮಿಂದ ಸಾಧ್ಯ ಅಲ್ವಾ? ನನಗೆ ಆ ಪುಸ್ತಕದ ಮೇಲೆ ತುಂಬ ಪ್ರೀತಿ, ಹಾಗಾಗಿ ಇಲ್ಲಿ ಎಳೆದು ತಂದೆ.

ಮನೆಯ ವಿಷಯ ನೀವು ಏನೂ ಬರೆದಿಲ್ಲ, ನಾನೂ ಕೆದಕುವುದಿಲ್ಲ. ಆಫೀಸಿನಲ್ಲಿ ತಾಳ್ಮೆಯಿಂದ ಇದ್ದು, ಸಿಟ್ಟನ್ನೆಲ್ಲ ಮನೆಗೆ ತಂದು ಸುರಿಯಬೇಡಿ. ಅಷ್ಟು ಸಾಕು.

ಇನ್ನು ಪಹಣಿ.

ತಂಗಿ, ಐದು ವರ್ಷದಲ್ಲಿ ನಿಮ್ಮಿಂದ ಯಾರ ಮೇಲೂ ಪ್ರಭಾವ ಆಗಿಲ್ಲ ಅಂದಿರಿ. ಆಗಿದೆ. ಹೋದ ತಿಂಗಳು ಒಬ್ಬ ಮನುಷ್ಯನ ಮೇಲೆ ಆಗಿದೆ. ರೈತರೆದುರು ತಲೆ ತಗ್ಗಿಸಿ ನಿಂತವರು ಆ ರಾತ್ರಿ ಮನೆಗೆ ಹೋಗಿ ಊಟ ಸರಿಯಾಗಿ ಮಾಡಿರಲಿಕ್ಕಿಲ್ಲ. ತಾನೇ ಎಲ್ಲೋ ಇಟ್ಟು ಮರೆತೆನಾ ಅಂತ ಇವತ್ತಿಗೂ ಯೋಚಿಸುತ್ತಿರಬಹುದು. ನೀವು ಅವರನ್ನು ‘ಅಣ್ಣ’ ಅಂತಲೇ ಬರೆದಿದ್ದೀರಿ, ಅದರಿಂದ ನನಗೆ ಧೈರ್ಯ ಬಂತು.

ಮತ್ತಾಯ 5ರಲ್ಲೇ, ಬೆಳಕಿನ ಮಾತಿಗಿಂತ ಸ್ವಲ್ಪ ಕೆಳಗೆ, 23 ಮತ್ತು 24ನೇ ವಚನ ನೋಡಿ. ಕಾಣಿಕೆ ಯಜ್ಞವೇದಿಯ ಹತ್ತಿರ ತಂದಾಗ, ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೋ. ಬೈದದ್ದು ಎಲ್ಲರೆದುರು, ಹಾಗಾಗಿ ಕ್ಷಮೆ ಕೇಳುವುದೂ ಎಲ್ಲರೆದುರೇ. ಚಹಾ ಹೊತ್ತಿನಲ್ಲಿ ಮೂಲೆಗೆ ಕರೆದು ಹೇಳಿದರೆ ಅರ್ಧ ಮಾತ್ರ ತೀರುತ್ತದೆ. ನಿಮ್ಮೂರಿನ ಸಂತೆ ದಿನ ಆಫೀಸಿಗೆ ಜನ ಜಾಸ್ತಿ ಬರುತ್ತಾರೆ, ಆ ದಿನವೇ ಇರಲಿ. ಎದ್ದು ನಿಂತು ಹೇಳಿ: ‘ಅಣ್ಣ, ಆವತ್ತು ಪಹಣಿ ನನ್ನ ಡ್ರಾಯರ್‌ನಲ್ಲೇ ಇತ್ತು. ನಿಮ್ಮದು ತಪ್ಪಿರಲಿಲ್ಲ. ಗೊತ್ತಾದ ಮೇಲೂ ನಾನು ಹೇಳಲಿಲ್ಲ. ಕ್ಷಮಿಸಿ.’ ಆವತ್ತು ತಲೆನೋವಿತ್ತು, ಕೆಲಸ ಜಾಸ್ತಿ ಇತ್ತು ಅಂತ ಸೇರಿಸಬೇಡಿ. ಬೈಬಲಿನ ಮಾತು ಸೇರಿಸಬೇಡಿ. ನಾನು ಕ್ರೈಸ್ತಳಾಗಿ ಹೀಗೆ ಮಾಡಬಾರದಿತ್ತು ಅಂತಲೂ ಅನ್ನಬೇಡಿ, ಅದು ಮತ್ತೆ ನಿಮ್ಮ ಬಗ್ಗೆ ಮಾತಾಗುತ್ತದೆ, ಅವರ ಬಗ್ಗೆ ಅಲ್ಲ. ಅವರು ‘ಬಿಡಿ ಮೇಡಂ’ ಅನ್ನಬಹುದು. ಮುಖ ತಿರುಗಿಸಿಕೊಂಡು ಹೋಗಲೂಬಹುದು, ಅವರಿಗೆ ಆ ಹಕ್ಕು ಇದೆ. ಆ ಪಹಣಿಯ ರೈತರಿಗೂ ಒಂದು ಫೋನ್ ಮಾಡಿ ಇದೇ ಮಾತು ಹೇಳಿ.

ಜನ ಏನಂದಾರೋ ಅನ್ನುವ ಭಯ ನನಗೆ ಗೊತ್ತು. ಆ ಅಜ್ಜಿಯ ಕತೆ ಪೂರ್ತಿ ಹೇಳಲಿಲ್ಲ ನಿಮಗೆ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಬೆಳಿಗ್ಗೆ ಒಂದು ಚಾದರ ತಗೊಂಡು ಒಬ್ಬನೇ ಆ ಶಾಲೆಗೆ ಹೋದೆ. ನೀರು ಇಳಿಯುತ್ತಿತ್ತು, ಅರ್ಧ ಜನ ಮನೆಗಳಿಗೆ ಹೊರಟಿದ್ದರು. ಅಜ್ಜಿ ಬೆಳಗಾಗುವ ಮುಂಚೆಯೇ ಮಗಳ ಊರಿಗೆ ಹೋದರಂತೆ. ಯಾವ ಊರು ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಸರೂ ಗೊತ್ತಿರಲಿಲ್ಲ. ಆ ಚಾದರ ಇನ್ನೂ ನಮ್ಮ ಬೀರುವಿನಲ್ಲಿದೆ.

ನಿಮ್ಮ ಅಟೆಂಡರ್ ಅಣ್ಣ ನಾಳೆ ಬೆಳಿಗ್ಗೆಯೂ ಬಂದು ಶಟರ್ ಎತ್ತುತ್ತಾರೆ. ಸಂತೆ ದಿನದವರೆಗೆ ಕಾಯುವುದು ಕಷ್ಟ ಅನ್ನಿಸಿದರೆ ನಾಳೆಯೇ ಹೇಳಿ, ನಾಲ್ಕು ಜನ ಇದ್ದರೂ ಸಾಕು. ಹೇಳಿ ಮುಗಿಸಿ ನಿಮ್ಮ ಕುರ್ಚಿಗೆ ಹೋಗಿ ಕೂತು, ಸಾಲಿನಲ್ಲಿ ಮೊದಲು ನಿಂತವರ ಅರ್ಜಿ ತಗೊಳ್ಳಿ.